ಕೈಯಿಂದ ಹೊರಟ ಕಲ್ಲು: ಚಲನೆ ಮತ್ತು ಸ್ಥಿರತೆಯ ಪಾಠದ ಹಿಂದಿನ ಚರಿತ್ರೆ

ಪ್ರೌಢಶಾಲೆಯ ವಿಜ್ಞಾನ ಪಠ್ಯದಲ್ಲಿ ಚಲನೆಯ ಪಾಠ ಎಲ್ಲ ಮಕ್ಕಳಿಗೂ ಗೊತ್ತಿರುವ ಪಾಠ. ದೂರ, ಸ್ಥಾನಪಲ್ಲಟ, ಜವ, ವೇಗ, ವೇಗೋತ್ಕರ್ಷ ಇವುಗಳ ವ್ಯಾಖ್ಯೆಗಳು. ನಂತರ ನ್ಯೂಟನ್ನರ ಮೂರು ನಿಯಮಗಳು. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಂಕವೂ ಬರುತ್ತದೆ. ಆದರೆ ಪರೀಕ್ಷೆ ಮುಗಿದ ಮರುದಿನ ಅದೇ ಮಕ್ಕಳನ್ನು ಹೀಗೆ ಕೇಳಿ ನೋಡಿ: “ಕಲ್ಲನ್ನು ಎಸೆದಿರಿ. ಕೈಯಿಂದ ಹೊರಟ ಮೇಲೆ ಅದನ್ನು ಮುಂದಕ್ಕೆ ತಳ್ಳುವವರು ಯಾರು?” ಹೆಚ್ಚಿನವರು ಕೊಡುವ ಉತ್ತರ, “ನಾವು ಕೊಟ್ಟ ಬಲ ಕಲ್ಲಿನ ಒಳಗೆ ಇರುತ್ತದೆ. ಆ ಬಲ ಮುಗಿದಾಗ ಕಲ್ಲು ಬೀಳುತ್ತದೆ.”

ಪಠ್ಯದ ಪ್ರಕಾರ ಈ ಉತ್ತರ ತಪ್ಪು. ಆದರೆ ಇದು ದಡ್ಡರ ತಪ್ಪಲ್ಲ. ಜಗತ್ತಿನ ಮಹಾ ವಿದ್ವಾಂಸರು ನೂರಾರು ವರ್ಷ ಇದೇ ಉತ್ತರದ ಸುತ್ತಮುತ್ತ ಇದ್ದರು. ಈ ಪ್ರಶ್ನೆ ಸುಮಾರು ಎರಡು ಸಾವಿರ ವರ್ಷ ಕೈಯಿಂದ ಕೈಗೆ ದಾಟಿ ಬಂದು ಈಗಿನ ಪಾಠವಾಯಿತು. ಪಠ್ಯಪುಸ್ತಕದಲ್ಲಿ ಆ ಕೈಗಳ ಹೆಸರು ಹೆಚ್ಚಾಗಿ ಕಾಣುವುದಿಲ್ಲ. ಇನ್ನೊಂದು ಕಡೆ ನಮ್ಮ ಸಭೆ ಸಮಾರಂಭಗಳಲ್ಲಿ “ನ್ಯೂಟನ್ನನ ನಿಯಮವನ್ನು ನಮ್ಮ ಇಬ್ನು ಸೀನಾ ಮೊದಲೇ ಕಂಡುಹಿಡಿದಿದ್ದರು” ಎಂಬ ಮಾತು ಜೋರಾದ ಕರತಾಡನ ಪಡೆಯುತ್ತದೆ. ಒಂದು ಕಡೆ ಮರೆವು, ಇನ್ನೊಂದು ಕಡೆ ಅತಿಶಯೋಕ್ತಿ. ಎರಡರಿಂದಲೂ ಮಕ್ಕಳಿಗೆ ಉಪಯೋಗವಿಲ್ಲ. ಆದ್ದರಿಂದ ನಡೆದದ್ದನ್ನು ನಡೆದಂತೆಯೇ ನೋಡೋಣ.

ಮಾಗುವ ಹಣ್ಣೂ ಚಲನೆಯೇ?

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ (ಕ್ರಿ.ಪೂ. 384–322) ಚಲನೆ ಎಂಬ ಪದವನ್ನು ಬಹಳ ವಿಶಾಲವಾದ ಅರ್ಥದಲ್ಲಿ ಬಳಸಿದರು. ಕಲ್ಲು ಉರುಳುವುದು ಚಲನೆ. ಗಿಡ ಬೆಳೆಯುವುದು, ಕಾಯಿ ಮಾಗಿ ಬಣ್ಣ ತಿರುಗುವುದು ಕೂಡ ಚಲನೆ. ಅವರ ಗ್ರಂಥಗಳು ಅರಬಿ ಭಾಷೆಗೆ ಬಂದಾಗ ಈ ಎಲ್ಲವನ್ನೂ ‘ಹರಕತ್’ ಎಂಬ ಒಂದೇ ಪದದಲ್ಲಿ ಹೇಳಲಾಯಿತು. ಉರ್ದುವಿನಲ್ಲಿ ನಾವು ಇಂದಿಗೂ ಚಲನೆಗೆ ಹರಕತ್ ಎಂದೂ ನಿಶ್ಚಲತೆಗೆ ಸುಕೂನ್ ಎಂದೂ ಹೇಳುತ್ತೇವೆ.

ಇಬ್ನು ಸೀನಾ (980–1037) ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿದರು. ಇದ್ದ ಜಾಗದಲ್ಲೇ ಗುಂಡಗೆ ತಿರುಗುವ ಗೋಳವನ್ನು ಯೋಚಿಸಿ. ಅದು ತನ್ನ ಜಾಗ ಬಿಟ್ಟಿಲ್ಲ, ಆದರೂ ಅದು ಚಲಿಸುತ್ತಿಲ್ಲ ಎನ್ನಲಾಗದು. ಬದಲಾಗುತ್ತಿರುವುದು ಅದರ ಸ್ಥಳವಲ್ಲ, ಅದರ ಭಾಗಗಳ ನಿಲುವು. ಆದ್ದರಿಂದ ಅರಿಸ್ಟಾಟಲ್ ಹೇಳಿದ ಚಲನೆಯ ಬಗೆಗಳಿಗೆ ಅವರು ‘ವದ್ಅ್’ ಅಂದರೆ ನಿಲುವಿನ ಚಲನೆ ಎಂಬ ಇನ್ನೊಂದನ್ನು ಸೇರಿಸಿದರು. ನಮ್ಮ ಅಂಗಳದಲ್ಲಿ ನಿಂತಲ್ಲೇ ಸುತ್ತುವ ಬುಗುರಿ ಇದಕ್ಕೆ ಒಳ್ಳೆಯ ಉದಾಹರಣೆ.

ಈಗಿನ ಪಾಠದಲ್ಲಿ ಮಕ್ಕಳು ಎಡವುವ ಮೊದಲ ಜಾಗವೂ ಇದಕ್ಕೆ ಹತ್ತಿರದ್ದೇ. ‘ದೂರ’ ಮತ್ತು ‘ಸ್ಥಾನಪಲ್ಲಟ’ ಬೇರೆ ಬೇರೆ ಎಂಬುದು ಅವರಿಗೆ ಸುಲಭವಾಗಿ ಹಿಡಿಯುವುದಿಲ್ಲ. ಹಾಜಿಗಳ ಉದಾಹರಣೆ ಕೊಟ್ಟರೆ ಕೂಡಲೇ ಹಿಡಿಯುತ್ತದೆ. ತವಾಫ್‌ನಲ್ಲಿ ಹಜರುಲ್ ಅಸ್ವದ್‌ನ ಎದುರಿನಿಂದ ಹೊರಟು ಕಅಬಾಕ್ಕೆ ಏಳು ಸುತ್ತು ಬಂದು ಮತ್ತೆ ಅಲ್ಲಿಗೇ ತಲುಪುತ್ತಾರೆ. ಕಾಲು ನೋಯುವಷ್ಟು ದೂರ ನಡೆದರೂ ಸ್ಥಾನಪಲ್ಲಟ ಸೊನ್ನೆ. ಸಅಯಿಯಲ್ಲಿ ಹಾಗಲ್ಲ. ಸಫಾದಿಂದ ಆರಂಭಿಸಿ ಏಳು ಸಲ ನಡೆದರೆ ಮುಗಿಯುವುದು ಮರ್ವಾದಲ್ಲಿ, ಏಕೆಂದರೆ ಏಳು ಬೆಸ ಸಂಖ್ಯೆ. ಲೆಕ್ಕಕ್ಕಾಗಿ ಒಂದು ಸಲದ ನಡಿಗೆಯನ್ನು 400 ಮೀಟರ್ ಎಂದು ಹಿಡಿದರೆ ನಡೆದ ದೂರ 2800 ಮೀಟರ್, ಸ್ಥಾನಪಲ್ಲಟ ಸಫಾದಿಂದ ಮರ್ವಾದ ಕಡೆಗೆ 400 ಮೀಟರ್ ಮಾತ್ರ. ದೂರಕ್ಕೆ ದಿಕ್ಕು ಬೇಡ, ಸ್ಥಾನಪಲ್ಲಟಕ್ಕೆ ದಿಕ್ಕು ಬೇಕು.

ಗಾಳಿ ತಳ್ಳುತ್ತದೆಯೇ?

ಇನ್ನು ಕಲ್ಲಿನ ವಿಷಯ. ಭಾರವಾದ ವಸ್ತು ಕೆಳಕ್ಕೆ ಬರುವುದು ಅದರ ಸಹಜ ಚಲನೆ. ಅದನ್ನು ಮೇಲಕ್ಕೋ ಪಕ್ಕಕ್ಕೋ ಎಸೆಯುವುದು ಬಲವಂತದ ಚಲನೆ. ಬಲವಂತದ ಚಲನೆಗೆ ಮುಟ್ಟಿ ತಳ್ಳುವ ಒಂದು ವಸ್ತು ಸದಾ ಬೇಕು. ಇದು ಅರಿಸ್ಟಾಟಲ್ ಹೇಳಿದ್ದು. ಎತ್ತು ನಿಂತರೆ ಗಾಡಿಯೂ ನಿಲ್ಲುತ್ತದೆ, ಹಾಗಾಗಿ ಮಾತು ಸರಿಯಾಗಿಯೇ ಕಾಣುತ್ತದೆ. ಆದರೆ ಕೈಬಿಟ್ಟ ಮೇಲೂ ಕಲ್ಲು ಹೋಗುತ್ತದಲ್ಲ? ಅದಕ್ಕೆ ಅವರ ಉತ್ತರ: ಕೈ ಕಲ್ಲಿನ ಜೊತೆಗೆ ಗಾಳಿಗೂ ತಳ್ಳುವ ಶಕ್ತಿ ಕೊಟ್ಟಿರುತ್ತದೆ, ಆ ಗಾಳಿ ಕಲ್ಲನ್ನು ಮುಂದಕ್ಕೆ ಒಯ್ಯುತ್ತದೆ.

ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಜಾನ್ ಫಿಲೋಪೋನಸ್ ಎಂಬ ಕ್ರೈಸ್ತ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಗಾಳಿಯೇ ತಳ್ಳುವುದಾದರೆ ಕಲ್ಲನ್ನು ಮುಟ್ಟದೆ ಅದರ ಹಿಂದಿನ ಗಾಳಿಯನ್ನು ಬೀಸಿದರೆ ಸಾಕಲ್ಲವೇ? ಎಷ್ಟು ಬೀಸಿದರೂ ಕಲ್ಲು ಕದಲುವುದಿಲ್ಲ. ಆದ್ದರಿಂದ ಎಸೆದವನು ಕಲ್ಲಿಗೇ ಒಂದು ಶಕ್ತಿಯನ್ನು ತುಂಬಿರಬೇಕು ಎಂದರು. ಹೆಚ್ಚು ಭಾರದ ಮತ್ತು ಕಡಿಮೆ ಭಾರದ ವಸ್ತುಗಳನ್ನು ಒಂದೇ ಎತ್ತರದಿಂದ ಬಿಟ್ಟರೆ ಅವು ಬೀಳುವ ಕಾಲದಲ್ಲಿ ಬಹಳ ಕಡಿಮೆ ವ್ಯತ್ಯಾಸ ಇರುತ್ತದೆ ಎಂಬುದನ್ನೂ ಅವರು ದಾಖಲಿಸಿದರು.

ನಮ್ಮ ದೇಶದಲ್ಲೂ ಈ ಪ್ರಶ್ನೆ ಎದ್ದಿತ್ತು. ವೈಶೇಷಿಕ ದರ್ಶನದ ಪ್ರಶಸ್ತಪಾದರು ಬಾಣದ ಉದಾಹರಣೆ ತೆಗೆದುಕೊಂಡು, ಮೊದಲ ಚಲನೆ ಬಿಲ್ಲಿನ ಹೆದೆಯ ತಳ್ಳುವಿಕೆಯಿಂದ, ಮುಂದಿನದು ಬಾಣದಲ್ಲಿ ಹುಟ್ಟಿದ ‘ವೇಗ’ ಎಂಬ ಸಂಸ್ಕಾರದಿಂದ, ಆ ವೇಗ ಮುಗಿದಾಗ ‘ಗುರುತ್ವ’ದಿಂದ ಅದು ಬೀಳುತ್ತದೆ ಎಂದು ವಿವರಿಸಿದರು. ವೇಗ, ಗುರುತ್ವ ಎಂಬ ಪದಗಳನ್ನು ಕನ್ನಡ ಮಾಧ್ಯಮದ ಮಕ್ಕಳು ಇಂದಿಗೂ ಬಳಸುತ್ತಾರೆ, ಅರ್ಥ ಮಾತ್ರ ಬದಲಾಗಿದೆ.

ಬಗ್ದಾದಿಗೆ ಬಂದ ಪ್ರಶ್ನೆ

ಅಬ್ಬಾಸಿ ಖಲೀಫರ ಕಾಲದಲ್ಲಿ ಬಗ್ದಾದಿನಲ್ಲಿ ಗ್ರೀಕ್ ಗ್ರಂಥಗಳ ತರ್ಜುಮೆ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಅರಿಸ್ಟಾಟಲ್‌ರ ಭೌತವಿಜ್ಞಾನ ಗ್ರಂಥವನ್ನು ಅರಬಿಗೆ ತಂದವರಲ್ಲಿ ಪ್ರಮುಖರು ಇಸ್‌ಹಾಕ್ ಇಬ್ನು ಹುನೈನ್ (ಮರಣ 910). ಅವರು ಕ್ರೈಸ್ತರು. ತಕ್ಕಡಿಯ ಶಾಸ್ತ್ರದ ಬಗ್ಗೆ ಬರೆದ ಸಾಬಿತ್ ಇಬ್ನು ಕುರ್ರಾ (ಮರಣ 901) ಹರ್ರಾನ್ ಊರಿನ ಸಾಬಿಯನ್ ಮತದವರು. ಇವರ ತರ್ಜುಮೆಗಳನ್ನು ಓದಿ ಬೆಳೆದವರು ಮುಂದಿನ ಪೀಳಿಗೆಯ ಮುಸ್ಲಿಮ್ ವಿದ್ವಾಂಸರು. ಬೇರೆ ಮತದವರು, ಬೇರೆ ಭಾಷೆಯವರು ಎಂದು ಯಾರೂ ವಿದ್ಯೆಯನ್ನು ದೂರ ಇಡಲಿಲ್ಲ.

ಇಬ್ನು ಸೀನಾ ಬುಖಾರಾದ ಹತ್ತಿರ ಹುಟ್ಟಿದವರು. ವೈದ್ಯರೆಂದೇ ಪ್ರಸಿದ್ಧರು. ಅವರ ‘ಕಿತಾಬುಶ್ಶಿಫಾ’ ಹೆಸರು ಕೇಳಿ ವೈದ್ಯಗ್ರಂಥ ಎಂದುಕೊಳ್ಳುವವರಿದ್ದಾರೆ. ಅದು ತರ್ಕ, ಭೌತವಿಜ್ಞಾನ, ಗಣಿತ, ಅಧ್ಯಾತ್ಮಗಳ ದೊಡ್ಡ ಗ್ರಂಥ. ಎಸೆದ ವಸ್ತುವಿನಲ್ಲಿ ಎಸೆದವನಿಂದ ಒಂದು ‘ಮೈಲ್’ ಸೇರುತ್ತದೆ ಎಂದು ಅವರು ಅದರಲ್ಲಿ ವಿವರಿಸಿದ್ದಾರೆ. ಮೈಲ್ ಎಂದರೆ ವಾಲುವಿಕೆ, ಒಲವು. ಉರ್ದುವಿನ ‘ಮಾಯಿಲ್’ ಎಂಬ ಪದ ಇದೇ ಮೂಲದ್ದು. ಗಾಳಿಯಿಂದ ತುಂಬಿದ ಚೀಲವನ್ನು ನೀರಿನ ಅಡಿಯಲ್ಲಿ ಒತ್ತಿ ಹಿಡಿದರೆ ಅದು ಕದಲದೆ ಇದ್ದರೂ ಮೇಲೆ ಬರಲು ತವಕಿಸುವುದು ಕೈಗೆ ತಿಳಿಯುತ್ತದೆ. ಆ ತವಕವೇ ಮೈಲ್.

ಗಾಳಿ, ನೀರು ಮುಂತಾದವುಗಳ ತಡೆಯಿಂದ ಈ ಮೈಲ್ ಕರಗುತ್ತಾ ಹೋಗುತ್ತದೆ, ಕೊನೆಗೆ ವಸ್ತು ಬೀಳುತ್ತದೆ. ಸರಿ, ತಡೆಯೇ ಇಲ್ಲದ ಶೂನ್ಯದಲ್ಲಿ ಎಸೆದರೆ? ಮೈಲನ್ನು ಕರಗಿಸುವವರು ಯಾರೂ ಇಲ್ಲ. ಹಾಗಾದರೆ ಆ ವಸ್ತು ನಿಲ್ಲದೆ ಹೋಗುತ್ತಲೇ ಇರಬೇಕು. ಈ ತೀರ್ಮಾನಕ್ಕೆ ಇಬ್ನು ಸೀನಾ ಬಂದರು. ವೇದಿಕೆಯ ಭಾಷಣಗಳು ಇಲ್ಲಿಗೇ ನಿಂತುಬಿಡುತ್ತವೆ. ಆದರೆ ಇಬ್ನು ಸೀನಾ ಇಲ್ಲಿಗೆ ನಿಲ್ಲಲಿಲ್ಲ. ನಿಲ್ಲದೆ ಹೋಗುವ ವಸ್ತುವನ್ನು ನಾವು ಕಂಡಿಲ್ಲ, ಆದ್ದರಿಂದ ಶೂನ್ಯ ಎಂಬುದೇ ಇರಲಾರದು ಎಂದು ಅವರು ವಾದ ಮುಗಿಸಿದರು. ತರ್ಕ ಎಷ್ಟು ಸರಿಯಾಗಿತ್ತೋ ಕೊನೆಯ ಹೆಜ್ಜೆ ಅಷ್ಟೇ ತಪ್ಪಾಗಿತ್ತು. ಅಲ್ಲದೆ ಅವರ ಮೈಲ್ ವಸ್ತುವನ್ನು ಒಯ್ಯುವ ಒಂದು ಕಾರಣ. ನ್ಯೂಟನ್ನರ ನಿಯಮದಲ್ಲಿ ನೇರವಾಗಿ, ಒಂದೇ ವೇಗದಲ್ಲಿ ಹೋಗುವುದಕ್ಕೆ ಅಂಥ ಕಾರಣವೇ ಬೇಡ. ಎರಡೂ ಒಂದೇ ಅಲ್ಲ. ಹೀಗೆಂದು ಹೇಳುವುದರಿಂದ ಇಬ್ನು ಸೀನಾ ಸಣ್ಣವರಾಗುವುದಿಲ್ಲ. ಕಾಣದ ಶೂನ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಅಲ್ಲಿ ಕಲ್ಲು ಏನು ಮಾಡುತ್ತದೆ ಎಂದು ಕೇಳಿದ್ದೇ ದೊಡ್ಡ ಸಾಧನೆ.

ಗುರುವನ್ನು ತಿದ್ದಿದ ಶಿಷ್ಯಪರಂಪರೆ

ಸುಮಾರು ಒಂದು ಶತಮಾನದ ನಂತರ ಬಗ್ದಾದಿನ ಅಬುಲ್ ಬರಕಾತ್ ಎಂಬ ವೈದ್ಯರು ‘ಕಿತಾಬುಲ್ ಮುಅ್ತಬರ್’ ಎಂಬ ಗ್ರಂಥ ಬರೆದರು. ಇವರು ಯಹೂದಿ ಕುಟುಂಬದಲ್ಲಿ ಹುಟ್ಟಿ ಮುಪ್ಪಿನಲ್ಲಿ ಇಸ್ಲಾಮ್ ಸ್ವೀಕರಿಸಿದವರು. ಇಬ್ನು ಸೀನಾರನ್ನು ಗೌರವದಿಂದ ಓದಿದರೂ ಒಪ್ಪದ ಕಡೆ ಒಪ್ಪಲಿಲ್ಲ. ಬೀಳುವ ಕಲ್ಲಿನ ವೇಗ ಹೆಚ್ಚುತ್ತಾ ಹೋಗುವುದೇಕೆ ಎಂಬುದಕ್ಕೆ ಅವರು ಕೊಟ್ಟ ವಿವರಣೆ ಗಮನಾರ್ಹ. ಕಲ್ಲಿನ ಭಾರ ಒಂದೇ ಸಲ ಮೈಲ್ ಕೊಟ್ಟು ಸುಮ್ಮನಾಗುವುದಿಲ್ಲ. ಬೀಳುವಷ್ಟು ಹೊತ್ತೂ ಹೊಸ ಹೊಸ ಮೈಲ್ ಸೇರಿಸುತ್ತಲೇ ಇರುತ್ತದೆ, ಅದಕ್ಕೇ ವೇಗ ಹೆಚ್ಚುತ್ತದೆ. ಬಲವು ಸತತವಾಗಿ ವರ್ತಿಸಿದರೆ ವೇಗೋತ್ಕರ್ಷ ಉಂಟಾಗುತ್ತದೆ ಎಂದು ಇಂದು ನಾವು ಕಲಿಸುವ ಮಾತಿಗೆ ಇದು ಬಹಳ ಹತ್ತಿರ.

ಅದೇ ಕಾಲಕ್ಕೆ ಪಶ್ಚಿಮದ ಅಂದಲೂಸ್‌ನಲ್ಲಿ, ಅಂದರೆ ಇಂದಿನ ಸ್ಪೇನಿನಲ್ಲಿ, ಇಬ್ನು ಬಾಜ್ಜಾ ಇನ್ನೊಂದು ವಿಷಯ ಹೇಳಿದರು. ತಡೆ ಇಲ್ಲದಿದ್ದರೆ ವೇಗ ಅನಂತವಾಗಿಬಿಡುತ್ತದೆ ಎಂಬುದು ಅರಿಸ್ಟಾಟಲ್‌ರ ವಾದವಾಗಿತ್ತು. ಹಾಗಲ್ಲ, ತಡೆಯು ಸಹಜ ವೇಗವನ್ನು ಕಡಿಮೆ ಮಾಡುತ್ತದೆ ಅಷ್ಟೇ; ತಡೆ ಇಲ್ಲದಿದ್ದರೂ ವೇಗಕ್ಕೆ ಒಂದು ಮಿತಿ ಇರುತ್ತದೆ ಎಂದರು ಇಬ್ನು ಬಾಜ್ಜಾ. ಇದನ್ನು ಖಂಡಿಸಲೆಂದೇ ಇಬ್ನು ರುಶ್ದ್ (1126–1198) ತಮ್ಮ ವ್ಯಾಖ್ಯಾನದಲ್ಲಿ ಅದನ್ನು ವಿವರವಾಗಿ ಬರೆದರು. ಆ ವ್ಯಾಖ್ಯಾನ ಲ್ಯಾಟಿನ್ ಭಾಷೆಗೆ ಹೋದಾಗ ಖಂಡನೆಯ ಜೊತೆ ಇಬ್ನು ಬಾಜ್ಜಾರ ವಾದವೂ ಯುರೋಪಿಗೆ ತಲುಪಿತು! ಎದುರಾಳಿಯ ಮಾತನ್ನು ಪ್ರಾಮಾಣಿಕವಾಗಿ ಬರೆದಿಟ್ಟದ್ದರಿಂದ ಅದು ಉಳಿಯಿತು.

ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸ್‌ನ ಜಾನ್ ಬುರಿಡಾನ್, ಎಸೆದ ವಸ್ತುವಿನಲ್ಲಿ ಸೇರುವ ಶಕ್ತಿಯನ್ನು ಅದರ ದ್ರವ್ಯದ ಪರಿಮಾಣ ಮತ್ತು ವೇಗ ಎರಡರಿಂದಲೂ ಅಳೆಯಬೇಕೆಂದರು. ನಮ್ಮ ಪಠ್ಯದ ‘ಸಂವೇಗ’ದ ನೆರಳು ಇಲ್ಲಿ ಕಾಣುತ್ತದೆ. ನಂತರ ಬಂದವರು ಇಟಲಿಯ ಗೆಲಿಲಿಯೋ (1564–1642). ಅವರು ಗುಂಡುಗಳನ್ನು ಇಳಿಜಾರಿನಲ್ಲಿ ಉರುಳಿಸಿ, ಸಣ್ಣ ರಂಧ್ರದಿಂದ ಹರಿದ ನೀರನ್ನು ತೂಗಿ ಕಾಲವನ್ನು ಅಳೆದರು. ಕಾಲ ಎರಡರಷ್ಟಾದರೆ ದೂರ ನಾಲ್ಕರಷ್ಟಾಗುತ್ತದೆ, ಮೂರರಷ್ಟಾದರೆ ಒಂಬತ್ತರಷ್ಟಾಗುತ್ತದೆ ಎಂಬ ಲೆಕ್ಕ 1638ರ ಅವರ ಗ್ರಂಥದಲ್ಲಿದೆ. ಒಂದು ಇಳಿಜಾರಿನಿಂದ ಇಳಿದ ಗುಂಡು ಎದುರಿನ ಏರಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಏರುತ್ತದೆ. ಏರನ್ನು ತಗ್ಗಿಸಿದಷ್ಟೂ ಆ ಎತ್ತರ ಮುಟ್ಟಲು ಹೆಚ್ಚು ದೂರ ಹೋಗುತ್ತದೆ. ಏರೇ ಇಲ್ಲದೆ ಸಮತಟ್ಟಾದರೆ? ಘರ್ಷಣೆ ಇಲ್ಲದಿದ್ದರೆ ಅದು ಹೋಗುತ್ತಲೇ ಇರಬೇಕು. ಇಬ್ನು ಸೀನಾ ಯಾವ ಬಾಗಿಲ ಬಳಿ ಬಂದು ಹಿಂದಿರುಗಿದರೋ ಗೆಲಿಲಿಯೋ ಅಲ್ಲಿಂದ ಮುಂದೆ ಹೋದರು. ಹೀಗೆ ಹೋಗುವುದು ಸರಳ ರೇಖೆಯಲ್ಲಿ ಎಂಬುದನ್ನು 1644ರಲ್ಲಿ ಡೆಕಾರ್ಟ್ ಸ್ಪಷ್ಟಪಡಿಸಿದರು. 1687ರಲ್ಲಿ ನ್ಯೂಟನ್ ಇದನ್ನು ಚಲನೆಯ ಮೊದಲ ನಿಯಮವಾಗಿ ಇಟ್ಟರು. ಇದನ್ನೇ ನಾವು ಜಡತ್ವದ ನಿಯಮ ಎನ್ನುತ್ತೇವೆ.

ಈಗ ಮಕ್ಕಳ ಉತ್ತರಕ್ಕೆ ಬರೋಣ. ಕೈಯಿಂದ ಹೊರಟ ಕಲ್ಲನ್ನು ಮುಂದಕ್ಕೆ ಯಾರೂ ತಳ್ಳುವುದಿಲ್ಲ. ಮುಂದೆ ಹೋಗುವುದಕ್ಕೆ ಕಾರಣ ಬೇಡ. ದಾರಿ ಬಾಗುವುದಕ್ಕೆ, ನಿಲ್ಲುವುದಕ್ಕೆ ಕಾರಣ ಬೇಕು. ಭೂಮಿಯ ಗುರುತ್ವ ಅದನ್ನು ಕೆಳಗೆ ಸೆಳೆಯುತ್ತದೆ, ಗಾಳಿ ತಡೆಯುತ್ತದೆ. ಪ್ರಶ್ನೆಯನ್ನೇ ತಿರುಗಿಸಿ ಕೇಳಲು ಮನುಷ್ಯಕುಲಕ್ಕೆ ಇಷ್ಟು ಕಾಲ ಬೇಕಾಯಿತು.

ತಕ್ಕಡಿ ಕಲಿಸಿದ ಸ್ಥಿರತೆ

ಚಲನೆಯಷ್ಟೇ ಮುಖ್ಯವಾದದ್ದು ಸ್ಥಿರತೆ. ಒಂದು ವಸ್ತು ಬೀಳದೆ ನಿಲ್ಲುವುದು ಹೇಗೆ? ಇದರ ಚರಿತ್ರೆಯಲ್ಲಿ ಮರೆಯಬಾರದ ಹೆಸರು ಅಬ್ದುರ್ರಹ್ಮಾನ್ ಅಲ್ ಖಾಝಿನಿ. ಇಂದಿನ ತುರ್ಕ್‌ಮೆನಿಸ್ತಾನದಲ್ಲಿರುವ ಮರ್ವ್ ನಗರದಲ್ಲಿ ಅವರು ಗುಲಾಮರಾಗಿದ್ದರು. ಅವರ ಯಜಮಾನ ಅಲ್ಲಿಯ ಖಜಾನೆಯ ಅಧಿಕಾರಿ. ಆತ ಈ ಹುಡುಗನಿಗೆ ಗಣಿತ ಮತ್ತು ತತ್ವಶಾಸ್ತ್ರದ ಒಳ್ಳೆಯ ಶಿಕ್ಷಣ ಕೊಡಿಸಿದರು. ಆ ಹುಡುಗ ಮುಂದೆ ಹಿಜರಿ 515ರಲ್ಲಿ (ಕ್ರಿ.ಶ. 1121–22) ಸುಲ್ತಾನ್ ಸಂಜರ್‌ಗಾಗಿ ‘ಮೀಝಾನುಲ್ ಹಿಕ್ಮ’, ಅಂದರೆ ವಿವೇಕದ ತಕ್ಕಡಿ, ಎಂಬ ಗ್ರಂಥ ಬರೆದರು.

ಆ ತಕ್ಕಡಿಯ ದಂಡ ನಾಲ್ಕು ಮೊಳ ಉದ್ದ, ತಟ್ಟೆಗಳು ಐದು. ವಸ್ತುವನ್ನು ಗಾಳಿಯಲ್ಲೂ ನೀರಿನಲ್ಲೂ ತೂಗಿ, ಬಂಗಾರಕ್ಕೆ ಬೆಳ್ಳಿ ಬೆರೆಸಿದ್ದಾರೆಯೇ ಎಂದು ಕಂಡುಹಿಡಿಯಬಹುದಿತ್ತು. ಗ್ರೀಕರ ಆರ್ಕಿಮಿಡೀಸ್ ಆರಂಭಿಸಿದ ವಿದ್ಯೆ ಇದು. ಗುರುತ್ವ ಕೇಂದ್ರದ ಬಗ್ಗೆ ತನಗಿಂತ ಹಿಂದಿನ ಅಲ್ ಕೂಹಿ ಮತ್ತು ಇಬ್ನುಲ್ ಹೈಸಮ್ ಅವರ ಸಿದ್ಧಾಂತಗಳನ್ನು ಖಾಝಿನಿ ಅವರ ಹೆಸರು ಹೇಳಿಯೇ ಸಂಗ್ರಹಿಸಿದರು. ಗುರುತ್ವ ಕೇಂದ್ರಕ್ಕೆ ಉರ್ದುವಿನಲ್ಲಿ ನಾವು ಹೇಳುವ ‘ಮರ್ಕಝೆ ಸಿಕ್ಲ್’ ಎಂಬುದು ಅರಬಿಯ ಅದೇ ಪದ.

ತಕ್ಕಡಿಯ ದಂಡವನ್ನು ಎಲ್ಲಿ ತೂಗುಹಾಕಬೇಕು ಎಂಬುದನ್ನು ಖಾಝಿನಿ ಮೂರು ಬಗೆಯಾಗಿ ವಿಂಗಡಿಸಿದರು. ಅಚ್ಚು ಗುರುತ್ವ ಕೇಂದ್ರಕ್ಕಿಂತ ಮೇಲಿದ್ದರೆ, ದಂಡವನ್ನು ಸ್ವಲ್ಪ ವಾಲಿಸಿ ಬಿಟ್ಟಾಗ ಅದು ಮತ್ತೆ ಸಮಸ್ಥಿತಿಗೆ ಬರುತ್ತದೆ. ಅಚ್ಚು ಗುರುತ್ವ ಕೇಂದ್ರದಲ್ಲೇ ಇದ್ದರೆ, ವಾಲಿಸಿದ ಕಡೆಯೇ ನಿಲ್ಲುತ್ತದೆ. ಅಚ್ಚು ಕೆಳಗಿದ್ದರೆ, ವಾಲಿಸಿದ ಕೂಡಲೇ ಮಗುಚಿಕೊಳ್ಳುತ್ತದೆ. ಸ್ಥಿರ, ತಟಸ್ಥ, ಅಸ್ಥಿರ ಸಮತೋಲನ ಎಂದು ಇಂದಿನ ಪುಸ್ತಕಗಳು ಹೇಳುವ ಮೂರು ಬಗೆಗಳೂ ಇಲ್ಲಿವೆ. ದಪ್ಪ ರಟ್ಟಿನ ಒಂದು ಉದ್ದ ತುಂಡಿಗೆ ಮೂರು ಕಡೆ ತೂತು ಮಾಡಿ ಗುಂಡುಸೂಜಿಯಿಂದ ತೂಗುಹಾಕಿದರೆ ಯಾವ ಶಾಲೆಯಲ್ಲಾದರೂ ಐದು ನಿಮಿಷದಲ್ಲಿ ಇದನ್ನು ತೋರಿಸಬಹುದು.

ಈ ಪಾಠ ಅಂಕಗಳಿಗೆ ಮಾತ್ರ ಸೀಮಿತವಲ್ಲ. ಹುಲ್ಲು ತುಂಬಿದ ಲಾರಿ ತಿರುವಿನಲ್ಲಿ ಮಗುಚುವುದೇಕೆ? ಟೆಂಪೋದ ಮಾಡಿನ ಮೇಲೆ ಜನ ಕುಳಿತರೆ ಅಪಾಯ ಹೆಚ್ಚುವುದೇಕೆ? ತುಂಗಭದ್ರೆಯ ಹರಿಗೋಲಿನಲ್ಲಿ ಎದ್ದು ನಿಲ್ಲಬೇಡಿ ಎಂದು ಅಂಬಿಗ ಗದರುವುದೇಕೆ? ಎಲ್ಲಕ್ಕೂ ಒಂದೇ ಉತ್ತರ. ಗುರುತ್ವ ಕೇಂದ್ರ ಮೇಲೆ ಹೋದಷ್ಟೂ, ಸ್ವಲ್ಪವೇ ವಾಲಿದರೂ ಅದರ ನೇರ ಗೆರೆ ತಳದಿಂದ ಹೊರಗೆ ಬೀಳುತ್ತದೆ. ಹೊರಗೆ ಬಿತ್ತೆಂದರೆ ಮಗುಚುತ್ತದೆ. ಇದನ್ನು ಅರಿತ ಹುಡುಗ ಟೆಂಪೋದ ಮಾಡು ಹತ್ತುವ ಮೊದಲು ಒಂದು ಕ್ಷಣ ಯೋಚಿಸುತ್ತಾನೆ.

ಖಾಝಿನಿಯವರಿಗೆ ತಕ್ಕಡಿ ಕೇವಲ ಯಂತ್ರವಾಗಿರಲಿಲ್ಲ. ಅರ್ರಹ್ಮಾನ್ ಅಧ್ಯಾಯದಲ್ಲಿ ಬರುವ ‘ಮೀಝಾನ್’ ಎಂಬ ಪದ ನಮಗೆಲ್ಲ ಪರಿಚಿತ. ತೂಕ ಸರಿ ಇರುವುದು ನ್ಯಾಯದ ಮಾತು ಎಂಬ ವಿಚಾರದಿಂದಲೇ ಅವರು ಗ್ರಂಥವನ್ನು ಆರಂಭಿಸುತ್ತಾರೆ. ಸಾವಿರ ದೀನಾರುಗಳ ಬಹುಮಾನ ಬಂದಾಗ, ತನ್ನ ಬಳಿ ಹತ್ತು ದೀನಾರು ಇದೆ, ವರ್ಷಕ್ಕೆ ಮೂರು ಸಾಕು, ಮನೆಯಲ್ಲಿ ಒಂದು ಬೆಕ್ಕು ಬಿಟ್ಟರೆ ಬೇರಾರೂ ಇಲ್ಲ ಎಂದು ಹಿಂದಿರುಗಿಸಿದರೆಂದು ಹಳೆಯ ಚರಿತ್ರಕಾರರು ಹೇಳುತ್ತಾರೆ.

ದಖ್ಖನಿನಲ್ಲಿ ಅಚ್ಚಾದ ಗ್ರಂಥಗಳು

ಈ ಚರಿತ್ರೆ ಮರ್ವ್, ಬಗ್ದಾದಿಗೆ ಮಾತ್ರ ಸಂಬಂಧಿಸಿದ್ದಲ್ಲ. ಹೈದರಾಬಾದಿನಲ್ಲಿ 1888ರಲ್ಲಿ ಸ್ಥಾಪನೆಯಾದ ದಾಯಿರತುಲ್ ಮಆರಿಫ್ ಸಂಸ್ಥೆ ಹಳೆಯ ಅರಬಿ ಹಸ್ತಪ್ರತಿಗಳನ್ನು ಪರಿಷ್ಕರಿಸಿ ಮುದ್ರಿಸುವ ಕೆಲಸ ಕೈಗೊಂಡಿತು. ಅಬುಲ್ ಬರಕಾತರ ‘ಕಿತಾಬುಲ್ ಮುಅ್ತಬರ್’ ಅಲ್ಲಿ 1938–39ರ ಸುಮಾರಿಗೂ ಖಾಝಿನಿಯವರ ‘ಮೀಝಾನುಲ್ ಹಿಕ್ಮ’ 1940ರ ಸುಮಾರಿಗೂ ಅಚ್ಚಾದವು. ಜಗತ್ತಿನ ವಿದ್ವಾಂಸರು ಆ ಮುದ್ರಣಗಳನ್ನು ಬಳಸಿದರು. ಈಗಿನ ಕಲಬುರಗಿ, ಬೀದರ್, ರಾಯಚೂರು ಭಾಗಗಳು ಆಗ ಅದೇ ನಿಜಾಮ್ ಸಂಸ್ಥಾನದಲ್ಲಿದ್ದವು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸಿತು. ಅದಕ್ಕಾಗಿ ಪುಸ್ತಕಗಳನ್ನು ತರ್ಜುಮೆ ಮಾಡಲು, ಪದಗಳನ್ನು ರೂಪಿಸಲು ಪ್ರತ್ಯೇಕ ವಿಭಾಗವನ್ನೇ ತೆರೆದಿತ್ತು. ತಾಯಿನುಡಿಯಲ್ಲಿ ಭೌತವಿಜ್ಞಾನ ಕಲಿಸಲಾಗದು ಎನ್ನುವವರು ಇದನ್ನು ನೆನಪಿಡಬೇಕು.

ನಮ್ಮ ಕೆಲಸ

ಇಷ್ಟು ಚರಿತ್ರೆ ಹೇಳಿದ್ದು ಹೆಮ್ಮೆ ಪಡಲೆಂದು ಮಾತ್ರವಲ್ಲ. ಪೂರ್ವಜರ ಹೆಸರು ಹೇಳಿದ ಮಾತ್ರಕ್ಕೆ ಯಾರ ಮಗನಿಗೂ ಮಗಳಿಗೂ ಭೌತವಿಜ್ಞಾನ ಬರುವುದಿಲ್ಲ. ಮೇಲಿನ ಹೆಸರುಗಳನ್ನು ಇನ್ನೊಮ್ಮೆ ನೋಡಿ. ಒಬ್ಬರು ಕ್ರೈಸ್ತರು, ಒಬ್ಬರು ಸಾಬಿಯನ್ನರು, ಒಬ್ಬರು ಯಹೂದಿಯಾಗಿ ಹುಟ್ಟಿದವರು, ಒಬ್ಬರು ಗುಲಾಮರು. ಅವರನ್ನು ಒಂದು ಸಾಲಿನಲ್ಲಿ ನಿಲ್ಲಿಸಿದ್ದು ಪ್ರಶ್ನೆ. ಅವರಲ್ಲಿ ಪ್ರತಿಯೊಬ್ಬರೂ ಹಿಂದಿನವರಿಂದ ಕಲಿತರು, ಹೆಸರು ಹೇಳಿ ಗೌರವಿಸಿದರು, ತಪ್ಪು ಕಂಡಲ್ಲಿ ತಿದ್ದಿದರು. ಈ ಮೂರನ್ನೂ ನಾವು ತರಗತಿಯಲ್ಲಿ ಕಲಿಸಬೇಕು.

ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟು: ಕಲ್ಲಿನ ಪ್ರಶ್ನೆಗೆ ಮಗು ತಪ್ಪು ಉತ್ತರ ಕೊಟ್ಟಾಗ ಗದರಬೇಡಿ. ಆ ಉತ್ತರವನ್ನು ಹಲಗೆಯ ಮೇಲೆ ಬರೆದು, ಇದು ಫಿಲೋಪೋನಸ್ ಮತ್ತು ಇಬ್ನು ಸೀನಾ ನಿಂತಿದ್ದ ಜಾಗ ಎಂದು ಹೇಳಿ, ಮುಂದಿನ ಹೆಜ್ಜೆ ಇಡಲು ಅದೇ ಮಗುವನ್ನು ಕರೆಯಿರಿ. ಪೋಷಕರಲ್ಲಿ ವಿನಂತಿ: ಹೆಣ್ಣುಮಕ್ಕಳಿಗೆ ವಿಜ್ಞಾನ ಕಷ್ಟ, ಉರ್ದು ಶಾಲೆಯ ಮಕ್ಕಳಿಗೆ ಗಣಿತ ಹತ್ತುವುದಿಲ್ಲ ಎಂಬ ಮಾತನ್ನು ಮನೆಯಲ್ಲಿ ಆಡಬೇಡಿ. ಖಾಝಿನಿಯವರ ಯಜಮಾನ ತನ್ನ ಗುಲಾಮನನ್ನು ಖಜಾನೆಯ ಕೆಲಸಕ್ಕೆ ಮಾತ್ರ ಬಳಸಿದ್ದರೆ ಮೀಝಾನುಲ್ ಹಿಕ್ಮ ಇರುತ್ತಿರಲಿಲ್ಲ. ಆ ಮನುಷ್ಯ ಯಾವ ಆವಿಷ್ಕಾರವನ್ನೂ ಮಾಡಲಿಲ್ಲ, ಒಬ್ಬ ಹುಡುಗನನ್ನು ಓದಿಸಿದರು ಅಷ್ಟೇ. ವಿದ್ಯಾಸಂಸ್ಥೆಗಳನ್ನು ನಡೆಸುವವರೂ ಒಂದು ಮಗುವಿನ ಫೀಸು ಕಟ್ಟುವವರೂ ಮಾಡುತ್ತಿರುವುದು ಅದೇ ಕೆಲಸ.